ಗೋಣಿಕೊಪ್ಪೆಯ ಹುಡುಗಿ: ಒಂದು ಚಿತ್ರದ ಅರ್ಥವಿವೇಚನೆ

ಫ್ರಾನ್ಸಿನ ಚಿತ್ರಕಾರ ಜೂಲ್ ಬಾಸ್ತಿಯೆನ್-ಲೆಪಾಜ್ (1848-1884) ತನ್ನ ‘ಪೋವ್ರ್ ಫೋವೆಟ್’ ಎಂಬ ಚಿತ್ರವನ್ನು 1881ರಲ್ಲಿ ಬರೆದನು. ಅದು ಈಗ ಗ್ಲಾಸ್ಗೋ ನಗರದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿದೆ. ‘ಬಡಪಾಯಿ ಹಾಡುಹಕ್ಕಿ’ ಎಂಬುದು ಆ ಹೆಸರಿನ ಅರ್ಥ. ಎಲೆಯುದುರಿದ ಒಂದು ಎಳೆಮರ, ಮುಳ್ಳುಗಿಡಗಳು, ಹಿಂದೆ ಒಂದು ಹಸು, ಒರಟು ಬಟ್ಟೆಯನ್ನು ತಲೆಯಿಂದಲೇ ಹೊದ್ದು ನಮ್ಮನ್ನು ದಿಟ್ಟಿಸುವ ಪುಟ್ಟ ಹುಡುಗಿ: ಚಿತ್ರದ ಸಾಮಗ್ರಿ ಇಷ್ಟೆ.

ಇದು ಕರುಣರಸದ ಚಿತ್ರವೆಂದು ಹೇಳಿಬಿಡುವುದು ಸುಲಭ. ಹುಡುಗಿ ಆಲಂಬನ, ಬೋಳುಮರವೂ ಮಂಕು ಬೆಳಕೂ ಉದ್ದೀಪನ, ಹೆಸರೂ ಇದಕ್ಕೆ ಪೋಷಕವಾಗಿದೆ. ಆದರೆ ಶೋಕಕ್ಕೆ ತಕ್ಕ ಅನುಭಾವವೆಲ್ಲಿ? ಅವಳು ಅಳುವುದಿಲ್ಲ, ಕೈಚಾಚುವುದಿಲ್ಲ. ಇಲ್ಲಿಯ ಶೋಕ ನೋಡುವವನದೇ ಹೊರತು ಅವಳದೆನ್ನಲು ಆಧಾರ ಸಾಲದು.

ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿ ಇಂದು ಕೈಗಾರಿಕಾ ಪ್ರದೇಶ. ಆದರೂ ಆ ಕಡೆಯ ಹಿರಿಯರು ಈ ಹೊದಿಕೆಯನ್ನು ಕಂಡೊಡನೆ ‘ಕೊಪ್ಪೆ’ ಎಂದಾರು. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ಮಡಚಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ದನ ಕಾಯುವುದು ನಮ್ಮ ಬಯಲುಸೀಮೆಯ ರೂಢಿ. ಕೊಪ್ಪೆ ತಿರುಕರ ಗುರುತಲ್ಲ, ದುಡಿಯುವವರ ಉಡುಪು. ಹಾಗೆ ನೋಡಿದರೆ ಹಿನ್ನೆಲೆಯ ಹಸು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಅವಳು ಅಲ್ಲಿ ನಿಂತಿರುವುದಕ್ಕೆ ಅದೇ ಕಾರಣವಾಗುತ್ತದೆ. ರವಿವರ್ಮನ 1893ರ ಅಲೆಮಾರಿ ಕುಟುಂಬದ ಚಿತ್ರದಲ್ಲಿ ತಂತಿವಾದ್ಯ ಹಿಡಿದ ತಾಯಿಯ ಆಸರೆ ಮಕ್ಕಳಿಗುಂಟು. ಈ ಹುಡುಗಿಗೆ ಜೊತೆಯಾಗಿರುವುದು ಅವಳ ಕೆಲಸವೊಂದೆ.

ಪರಿಚಿತವೆಂಬ ಮಾತ್ರಕ್ಕೆ ಕಷ್ಟವನ್ನು ಸಹಜವೆಂದು ಭಾವಿಸುವುದೂ ತಪ್ಪಾದೀತು. ಫ್ರಾನ್ಸಿನಲ್ಲಿ ಆರರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆ ಶಿಕ್ಷಣವು ಕಡ್ಡಾಯವಾದುದು 1882ರಲ್ಲಿ. ಚಿತ್ರವಾದರೋ ಅದರ ಹಿಂದಿನ ವರ್ಷದ್ದು. ನಮ್ಮಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದುದು 2010ರಲ್ಲಿ. ಚಿತ್ರದ ಹೆಸರನ್ನಷ್ಟೇ ನಂಬಿದವನು ಹುಡುಗಿಗೆ ಮರುಗಿ ಮುಂದೆ ಹೋಗುತ್ತಾನೆ. ಕೊಪ್ಪೆಯನ್ನಷ್ಟೇ ಗುರುತಿಸಿದವನು ಇದು ಎಲ್ಲ ಕಡೆಯೂ ಇದ್ದದ್ದೇ ಎಂದು ಸುಮ್ಮನಾಗುತ್ತಾನೆ. ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ, ಇಷ್ಟು ಚಿಕ್ಕವಳಿಗೆ ಈ ಕೆಲಸವೇಕೆ ಬಂದಿತೆಂಬ ಪ್ರಶ್ನೆ ಏಳುತ್ತದೆ. ಅವಳ ದಿಟ್ಟ ನೋಟಕ್ಕೆ ಈ ಅರ್ಥವೇ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ.