ಭಾರ ಎತ್ತುವ ಚೀಲ

ಸಮುದ್ರದ ತಳದಿಂದ ಲಂಗರನ್ನೋ ಹಳೆಯ ಫಿರಂಗಿಯನ್ನೋ ಮೇಲೆತ್ತಲು ಮುಳುಗುತಜ್ಞರು ಬಳಸುವ ಲಿಫ್ಟ್ ಬ್ಯಾಗ್ ನೋಡಲು ತೀರಾ ಸರಳ: ಬಾಯಿ ಕೆಳಗಿರುವ ಗಟ್ಟಿ ಬಟ್ಟೆಯ ಚೀಲ, ಪಟ್ಟಿಗಳು, ಒಂದು ಕೊಂಡಿ, ನೆತ್ತಿಯಲ್ಲಿ ಗಾಳಿ ಬಿಡುವ ವಾಲ್ವ್. ತುಂಬಿದ ಪ್ರತಿ ಲೀಟರ್ ಗಾಳಿ ಸುಮಾರು 1 ಕಿಲೋ ಭಾರ ಎತ್ತುತ್ತದೆ. ಆರ್ಕಿಮಿಡೀಸನ ತತ್ವಕ್ಕೆ ಇದಕ್ಕಿಂತ ಅಗ್ಗದ ಯಂತ್ರ ಸಿಗಲಾರದು.

ಅಪಾಯವೂ ಆ ಗಾಳಿಯಲ್ಲೇ ಇದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟು. ಅಲ್ಲಿ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಪೂರ್ತಿ ತುಂಬಿದ ಚೀಲದಲ್ಲಾದರೆ ಹೆಚ್ಚಿನ ಗಾಳಿ ತೆರೆದ ಬಾಯಿಂದ ಹೊರಬೀಳುತ್ತದೆ, ಜಾಣ ಏರ್ಪಾಟು. ಅರೆತುಂಬಿದ ದೊಡ್ಡ ಚೀಲ ಮಾತ್ರ ಏರಿದಷ್ಟೂ ಬಲಿಯುತ್ತ ಓಡತೊಡಗುತ್ತದೆ. ಆಗ ಹಗ್ಗ ಕೈಗೋ ಸಲಕರಣೆಗೋ ಸಿಕ್ಕಿಕೊಂಡರೆ ಮನುಷ್ಯನನ್ನೂ ಎಳೆದೊಯ್ಯುತ್ತದೆ. ಹಾಗೆ ದಿಢೀರನೆ ಮೇಲೇರಿದವರ ಶ್ವಾಸಕೋಶ ಹರಿಯಬಹುದು, ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳಬಹುದು. ಮೇಲ್ಮೈಗೆ ಚಿಮ್ಮಿ ಮಗುಚಿದ ಚೀಲ ಗಾಳಿ ಕಳೆದುಕೊಂಡು ಭಾರವನ್ನು ಮತ್ತೆ ತಳಕ್ಕೆ ಕೆಡವುತ್ತದೆ. ಅದರಡಿ ಯಾರೂ ಇರಕೂಡದು. ಕೆಸರಿನಲ್ಲಿ ಹೂತ ವಸ್ತು ಇನ್ನೂ ಮೋಸದ್ದು: ಹಿಡಿತ ಬಿಡಿಸಲೆಂದು ತುಂಬಿದ ಹೆಚ್ಚುವರಿ ಗಾಳಿ, ಅದು ಕಿತ್ತುಬಂದ ಕ್ಷಣ ವೇಗವಾಗಿ ಮಾರ್ಪಡುತ್ತದೆ. ದೊಡ್ಡ ಚೀಲವನ್ನು ಅರ್ಧ ತುಂಬುವುದಕ್ಕಿಂತ ಭಾರಕ್ಕೆ ತಕ್ಕ ಸಣ್ಣ ಚೀಲವನ್ನು ಪೂರ್ತಿ ತುಂಬುವುದು ಲೇಸು.