ಚಿಕಿತ್ಸೆಯ ಇಂಗಾಲದ ಲೆಕ್ಕ: ಒಂದು ವಿಮರ್ಶೆ

ಜಗತ್ತು ಹೊರಸೂಸುವ ಹಸಿರುಮನೆ ಅನಿಲಗಳ ನಿವ್ವಳ ಮೊತ್ತದಲ್ಲಿ ಶೇಕಡಾ 4.4 ಭಾಗವು ಆರೋಗ್ಯಸೇವೆಯದೆಂದು ‘ಹೆಲ್ತ್ ಕೇರ್ ವಿದೌಟ್ ಹಾರ್ಮ್’ ಸಂಸ್ಥೆಯು ಅರೂಪ್ ಸಂಸ್ಥೆಯೊಡಗೂಡಿ 2019ರಲ್ಲಿ ಪ್ರಕಟಿಸಿದ ವರದಿಯು ತಿಳಿಸುತ್ತದೆ. ಅದರಲ್ಲಿ ಶೇಕಡಾ 71 ಭಾಗವು ಔಷಧ, ಉಪಕರಣ ಮೊದಲಾದವುಗಳ ಪೂರೈಕೆಯಿಂದ ಒದಗುವುದೆಂಬ ವಿವೇಚನೆ ಬೆಲೆಯುಳ್ಳದ್ದು. ಆದರೆ ಚರಿತ್ರೆಯ ಅಭ್ಯಾಸಿಗಳಾದ ನಾವು ಅಂಕಿಯನ್ನೂ ಶಾಸನದಂತೆಯೇ ಪರೀಕ್ಷಿಸಬೇಕು: ಅಳೆದ ಕೋಲು ಯಾವುದು?

ಇಲ್ಲಿನ ಕೋಲು ರಾಷ್ಟ್ರಗಳ ಆರೋಗ್ಯವೆಚ್ಚ. ವೆಚ್ಚ ಕಡಿಮೆಯಾದಲ್ಲಿ ಇಂಗಾಲವೂ ಕಡಿಮೆಯೆಂದು ಕಾಣುತ್ತದೆ. ಕೊರತೆಯೇ ಗುಣವಾಗಿ ತೋರುತ್ತದೆ. ದೇವದುರ್ಗ, ಮಾನ್ವಿಗಳಿಂದ ರಾಯಚೂರಿನ ಆಸ್ಪತ್ರೆಗೆ ರೋಗಿಯೂ ಬಂಧುಗಳೂ ಮಾಡುವ ಪ್ರಯಾಣವು ಆರೋಗ್ಯವೆಚ್ಚವೆಂದು ದಾಖಲಾಗದೆ ಹೊರಗುಳಿಯುತ್ತದೆ. ಶಸ್ತ್ರಗಳನ್ನು ಹಬೆಯಿಂದ ಶುದ್ಧಿಗೊಳಿಸಿ ಮರಳಿ ಬಳಸುವುದು ಮೇಲೋ, ಒಮ್ಮೆ ಬಳಸಿ ಎಸೆಯುವುದು ಮೇಲೋ ಎಂಬ ಪ್ರಶ್ನೆಗೂ ರಾಷ್ಟ್ರೀಯ ಸರಾಸರಿಯಲ್ಲಿ ಉತ್ತರವಿಲ್ಲ. ಹಬೆಯನ್ನೆಬ್ಬಿಸಿದ ವಿದ್ಯುತ್ತು ಶಕ್ತಿನಗರದ ಸ್ಥಾವರದಂತೆ ಕಲ್ಲಿದ್ದಲನ್ನು ಸುಟ್ಟು ಪಡೆದುದೋ, ಆಸ್ಪತ್ರೆಯ ಛಾವಣಿಯ ಸೌರಫಲಕದಿಂದ ಬಂದುದೋ ಎಂಬುದನ್ನು ಅದು ಅವಲಂಬಿಸಿದೆ.

ಆದುದರಿಂದ ಅಳತೆಯು ತಾಲ್ಲೂಕು ಆಸ್ಪತ್ರೆಯ ಒಂದೊಂದು ಹೆರಿಗೆ, ಒಂದೊಂದು ಶಸ್ತ್ರಚಿಕಿತ್ಸೆಯಿಂದ ಆರಂಭವಾಗಬೇಕು: ಬಳಸಿದ ವಿದ್ಯುತ್ತೆಷ್ಟು, ಜನರೇಟರಿನ ಡೀಸೆಲೆಷ್ಟು, ಆಮ್ಲಜನಕದ ಸಿಲಿಂಡರುಗಳೆಷ್ಟು, ರೋಗಿ ಬಂದ ದಾರಿಯೆಷ್ಟು? ದೊರೆಯದ ಚಿಕಿತ್ಸೆಯನ್ನು ಉಳಿತಾಯವೆಂದು ಬರೆದುಕೊಳ್ಳುವ ಲೆಕ್ಕವನ್ನು ನಾವು ಒಪ್ಪಲಾರೆವು.