ಒಂದು ಸಾಲಿನ ಕೈಗುಣ

ಅಜ್ಜಿಯ ಹಾಡಿನ ನೋಟ್‌ಬುಕ್ಕಿನ 300 ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಕೆಲವು ಅಡ್ಡ ಮಲಗಿದ್ದವು, ಕೆಲವು ವಾಲಿದ್ದವು. ಒಂದೊಂದನ್ನೇ ತೆರೆದು ಸರಿಪಡಿಸಲು ಕೂತರೆ ದಿನಗಳೇ ಬೇಕು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಒಂದೇ ಸಾಲಿನ ಆಜ್ಞೆ ಕೊಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಪುಟಗಳೆಲ್ಲ ನೆಟ್ಟಗಾಗಿದ್ದವು.

ಇಮೇಜ್‌ಮ್ಯಾಜಿಕ್‌ನ ಹುಟ್ಟು 1987ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯಲ್ಲಿ. 24 ಬಿಟ್‌ನ ಚಿತ್ರಗಳನ್ನು ಬರೀ 256 ಬಣ್ಣ ಮೂಡುವ ಪರದೆಯ ಮೇಲೆ ತೋರಿಸಬೇಕಿತ್ತು. ಅದಕ್ಕಾಗಿ ಜಾನ್ ಕ್ರಿಸ್ಟಿ ಬರೆದ ತಂತ್ರಾಂಶ 1990ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಇಂದು ಅದು 200ಕ್ಕೂ ಹೆಚ್ಚು ಚಿತ್ರ ನಮೂನೆಗಳನ್ನು ಬಲ್ಲದು.

ನನಗೆ ಇಷ್ಟವಾಗುವುದು ಅದರ ಮಿತವಾದ ಮಾತು. ‘ಆಟೋ-ಓರಿಯೆಂಟ್’ ಎಂದರೆ, ಕ್ಯಾಮೆರಾ ಬರೆದಿಟ್ಟ ಗುರುತು ನೋಡಿ ಚಿತ್ರವನ್ನು ನೇರ ನಿಲ್ಲಿಸುತ್ತದೆ. ‘ಡಿಸ್ಕ್ಯೂ’ ಎಂದರೆ, ವಾಲಿದ ಸಾಲುಗಳನ್ನು ಸಮ ಮಾಡುತ್ತದೆ. ‘ಸ್ಟ್ರಿಪ್’ ಎಂದರೆ, ಫೋಟೋ ತೆಗೆದ ಜಾಗದಂಥ ಒಳವಿವರಗಳನ್ನು ಕಳಚುತ್ತದೆ. ಅಳತೆಯ ಪಕ್ಕ ‘ಗ್ರೇಟರ್ ದ್ಯಾನ್’ ಚಿಹ್ನೆ ಇಟ್ಟರೆ, ದೊಡ್ಡ ಚಿತ್ರಗಳನ್ನಷ್ಟೇ ಕುಗ್ಗಿಸಿ ಚಿಕ್ಕವನ್ನು ಹಾಗೇ ಬಿಡುತ್ತದೆ. ಅಡುಗೆಯಂತೆ ಇಲ್ಲೂ ಕ್ರಮ ಮುಖ್ಯ: ಕತ್ತರಿಸಿ ಕುಗ್ಗಿಸುವುದೇ ಬೇರೆ, ಕುಗ್ಗಿಸಿ ಕತ್ತರಿಸುವುದೇ ಬೇರೆ. ಎಚ್ಚರವೂ ಬೇಕು. ಇದರ ‘ಮೊಗ್ರಿಫೈ’ ಎಂಬ ಆಜ್ಞೆ ಸಾಮಾನ್ಯವಾಗಿ ಮೂಲ ಕಡತದ ಮೇಲೆಯೇ ಬರೆಯುತ್ತದೆ. ಮೊದಲು ಪ್ರತಿ ತೆಗೆದಿಡಬೇಕು.

ಆ ಸಾಲನ್ನು ಸ್ಕ್ರಿಪ್ಟಾಗಿ ಉಳಿಸಿಕೊಂಡಿದ್ದೇನೆ. ನಾಳೆ ಅತ್ತೆಯ ಹಾಡಿನ ಪುಸ್ತಕ ಸಿಕ್ಕರೂ ಅದೇ ಹದ, ಅದೇ ಅಚ್ಚುಕಟ್ಟು. ದಣಿಯದ, ಮರೆಯದ ಇಂಥ ಕೈಗುಣವನ್ನು ಒಂದೇ ಸಾಲಿನಲ್ಲಿ ಬರೆದಿಡಬಹುದೆಂಬುದು ನನಗೆ ಇಂದಿಗೂ ಬೆರಗು.